ಕ್ರಿಸ್ತಿನಾಳ ಹಸಿ ಕಾರ್ಡುಗಳು

ಕ್ರಿಸ್ತಿನಾಳ ಹೆಸರು ಈರಕ್ಕನ ಕಿವಿಗೆ ಮೊದಲು ಬಿದ್ದದ್ದು ಎಪ್ಪತ್ತೆರಡರ ಸುಗ್ಗಿಯಲ್ಲಿ. ಹಳಿಯಾಳದ ಹತ್ತಿರ ಅವಳ ಹೊಲದಲ್ಲಿ ಭತ್ತ ಬಡಿಯುತ್ತಿದ್ದರು. ಆಳುಗಳಲ್ಲಿ ಬಸ್ತ್ಯಾಂವ ಎಂಬ ಸಿದ್ದಿ ಜನಾಂಗದವನೊಬ್ಬನಿದ್ದ. ಬುತ್ತಿ ಬಿಚ್ಚಿದ ಹೊತ್ತಿಗೆ ತನ್ನ ತಂಗಿಯ ಸುದ್ದಿ ತೆಗೆದ.

"ನಮ್ಮ ಕ್ರಿಸ್ತಿನಾ ಮುಂಬೈದಾಗ ಮಶೀನಿಗೆ ಕಾಗದಾ ತಿನಸ್ತಾಳ್ರಿ ಅವ್ವಾರ. ಅದ ಆಕಿ ನೌಕರಿ."

"ಹೋಗೋ ಸುಳ್ಳಾ. ನಮ್ಮ ದಾಂಡೇಲಿ ಮಶೀನು ಬಿದರು ತಿಂದು ಕಾಗದಾ ಉಗಳತೈತಿ. ಆ ಕಾಗದಾನೂ ತಿನ್ನೂ ಮಶೀನು ಇರತೈತೇನು?"

"ತಿಂದು ಲೆಕ್ಕಾ ಉಗಳತೈತಂತ್ರಿ."

ಕಣದಲ್ಲಿದ್ದವರೆಲ್ಲ ನಕ್ಕರು. ಈರಕ್ಕನೂ ನಕ್ಕಳು.

ಆ ವರ್ಷದ ಕ್ರಿಸ್‌ಮಸ್ಸಿಗೆ ಕ್ರಿಸ್ತಿನಾ ಊರಿಗೆ ಬಂದಳು. ಎತ್ತರದ ಹೆಂಗಸು, ನೀಲಿ ಸೀರೆ. ಅಣ್ಣನ ಮಾತು ಸುಳ್ಳಲ್ಲ ಎಂದು ಹೇಳಲಿಕ್ಕೇ ಈರಕ್ಕನ ಮನೆಗೆ ಬಂದು ಒಲೆಯ ಮುಂದೆ ಕೂತಳು. ಚಿಕ್ಕಂದಿನಲ್ಲಿ ಸಿಸ್ಟರುಗಳ ಶಾಲೆಯಲ್ಲಿ ಕಲಿತು, ಅವರ ಜೊತೆಗೇ ಮುಂಬೈಗೆ ಹೋಗಿ ಅಡುಗೆಮನೆಯಲ್ಲಿ ದುಡಿದು, ಸಂಜೆ ಟೈಪಿಂಗ್ ಕಲಿತವಳು ಅವಳು. ಈಗ ವಿಜ್ಞಾನಿಗಳ ದೊಡ್ಡದೊಂದು ಸಂಸ್ಥೆಯಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದಳು. ದಪ್ಪ ಕಾಗದದ ಕಾರ್ಡಿನಲ್ಲಿ ತೂತು ಕೊರೆಯುವುದು, ಕಾರ್ಡುಗಳನ್ನು ಯಂತ್ರಕ್ಕೆ ಕೊಡುವುದು, ಕೋಣೆಯನ್ನು ತಂಪಾಗಿ, ತೇವ ತಗಲದಂತೆ ಇಡುವುದು ಅವಳ ಕೆಲಸ.

"ಆ ಶಾಣ್ಯಾ ಮಂದಿ ಏನ ಹುಡುಕ್ತಾರವಾ?"

"ಕಣ್ಣಿಗೆ ಕಾಣದಷ್ಟು ಸಣ್ಣ ಚೂರು, ಈರಕ್ಕಾ. ಅದು ಓಡಿ ಹೋದ ಗೆರಿ ಅಷ್ಟ ಫೋಟೋದಾಗ ಬೀಳತೈತಿ. ಕಾಡೆಮ್ಮಿ ನೋಡದನ, ಬರೇ ಹೆಜ್ಜಿ ನೋಡಿ ಎಷ್ಟ ದೊಡ್ಡದು, ಎತ್ತಾಗ ಹೋತು ಅಂತ ನಮ್ಮಣ್ಣ ಹೇಳ್ತಾನಲ್ಲ, ಹಂಗ. ಆ ಗೆರಿ ಅಳದು ಕಾರ್ಡಿನ್ಯಾಗ ಕೊರೀತೇವಿ. ಉಳಿದದ್ದು ಮಶೀನು ಹೇಳತೈತಿ."

ಈರಕ್ಕನಿಗೆ ಅರ್ಧ ತಿಳಿಯಿತು. ಉಳಿದರ್ಧ ಕೇಳಲಿಕ್ಕೆ ಪ್ರತಿ ಕ್ರಿಸ್‌ಮಸ್ಸಿಗೆ ದಾರಿ ಕಾಯತೊಡಗಿದಳು. ಗಂಡ ಸತ್ತ ಮೇಲೆ ಬೇಸಾಯ, ದನ, ಆಳು ಎಂದು ಒಬ್ಬಳೇ ಒದ್ದಾಡುತ್ತಿದ್ದ ಅವಳಿಗೆ ಲೋಕದ ಸುದ್ದಿ ತರುವವಳು ಇವಳೊಬ್ಬಳೇ.

ಒಂದು ವರ್ಷ ಕ್ರಿಸ್ತಿನಾ ಬಂದವಳು ನಗಲಿಲ್ಲ. ಕೊಟ್ಟ ಚಹಾ ಆರಿಹೋಯಿತು. ಒಲೆಯ ಮೇಲಿನ ಬಿದಿರಿನ ಅಟ್ಟವನ್ನೇ ನೋಡುತ್ತಿದ್ದಳು. ಮಳೆಗಾಲದಲ್ಲಿ ಈ ಸೀಮೆಯವರ ಬೀಜ, ಉಪ್ಪು, ಮೆಣಸಿನಕಾಯಿ ಎಲ್ಲ ಇರುವುದು ಅಲ್ಲೇ. ಹಸಿಯಾದದ್ದು ಏನೇ ಇರಲಿ, ಒಲೆಯ ಬಿಸಿಗೆ ಇಡುವುದು ರೂಢಿ. ಕ್ರಿಸ್ತಿನಾಳ ಶಾಲೆಯ ಪುಸ್ತಕ ಒಣಗಿದ್ದೂ ಅಂಥ ಅಟ್ಟದ ಮೇಲೆಯೇ.

ಆಷಾಢದಲ್ಲಿ ಮುಂಬೈಯ ಆ ಕಂಪ್ಯೂಟರ್ ಕೋಣೆಯ ತಂಪಿನ ಯಂತ್ರ ಕೆಟ್ಟಿತ್ತಂತೆ. ಮಳೆಯ ಥಂಡಿ ಹೀರಿ ಕಾರ್ಡುಗಳು ಉಬ್ಬಿದವು. ಒಬ್ಬ ತರುಣ ವಿಜ್ಞಾನಿ ವರ್ಷಗಟ್ಟಲೆ ಗೆರೆ ಅಳೆದು ಕೊರೆಸಿದ್ದ ಕಾರ್ಡುಗಳು ಅವು. ಅವನಿಗೆ ಅವಸರವಿತ್ತು. ಯಾರನ್ನೂ ಕೇಳದೆ ಕ್ರಿಸ್ತಿನಾ ಅವನ್ನು ಹೀಟರಿನ ಮುಂದೆ ಸಾಲಾಗಿ ನಿಲ್ಲಿಸಿದಳು. ಮರುದಿನ ಗರಿಗರಿಯಾಗಿದ್ದವು, ಆದರೆ ಹಪ್ಪಳದ ಹಾಗೆ ತುಸುವೇ ಸೊಟ್ಟಾಗಿದ್ದವು. ಕಣ್ಣಿಗೆ ಅಷ್ಟೇನೂ ಕಾಣಲಿಲ್ಲ. ಯಂತ್ರಕ್ಕೆ ಕೊಟ್ಟಳು. ಅದು ಅವನ್ನು ಸಿಕ್ಕಿಸಿಕೊಂಡು ಹರಿದುಹಾಕಿತು. ಮತ್ತೆ ಅಳೆಯೋಣವೆಂದರೆ ಹೊರದೇಶದಿಂದ ತರಿಸಿದ್ದ ಫೋಟೋಗಳು ಆಗಲೇ ವಾಪಸು ಹೋಗಿದ್ದವು.

"ಬೈದನೇನು?"

"ಬೈದಿದ್ರ ಚೊಲೋ ಇತ್ತು. ಹರಿದದ್ದು ಎಲ್ಲಾ ಒಂದು ಚೀಲದಾಗ ತುಂಬಿಕೊಂಡ. ಆ ಕೆಲಸಾನ ಬಿಟ್ಟು ಹೋದ."

ಹಸಿ ಕಾರ್ಡಿಗೆ ಬಿಸಿ ತೋರಿಸಬಾರದು, ತಂಪಿನ ಕೋಣೆಯಲ್ಲೇ ಬಿಗಿಯಾಗಿ ಕಟ್ಟಿ, ಮೇಲೆ ಭಾರ ಹೇರಿ, ತಾವಾಗಿಯೇ ಒಣಗುವವರೆಗೆ ಕಾಯಬೇಕು ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಮರುವರ್ಷ ಇನ್ನೊಂದು ಊರಿನ ಕೋಣೆಯಲ್ಲೂ ಯಾರೋ ಹೀಗೆಯೇ ಮಾಡಿ ಕಾರ್ಡು ಕಳೆದರು. ಅದನ್ನು ಕೇಳಿದ ಮೇಲಂತೂ ಕ್ರಿಸ್ತಿನಾಳಿಗೆ ಒಂದೇ ಹಟ ಹಿಡಿಯಿತು: ತನ್ನ ತಪ್ಪನ್ನು ಎಲ್ಲರ ಮುಂದೆ ಹೇಳಬೇಕು.

"ಇಂಥಾ ಕೋಣಿ ನಡಸೂ ಮಂದಿ ಎರಡ ಮೂರ ವರ್ಷಕ್ಕೊಮ್ಮಿ ಕೂಡ್ತಾರ, ಈರಕ್ಕಾ. ಎಲ್ಲಾರೂ ತಮ್ಮ ಮಶೀನು ಎಷ್ಟ ಚೊಲೋ ನಡೀತು ಅಂತ ಹೇಳ್ತಾರ. ಕೆಟ್ಟದ್ದು ಯಾರೂ ಬಾಯಿ ಬಿಡೂದಿಲ್ಲ. ನಾ ಮೊದಲ ಹೇಳಿದ್ದಿದ್ರ ಆ ಊರಾಗ ಕಾರ್ಡು ಉಳೀತಿದ್ವು."

ಎಂಬತ್ತೊಂದರ ಮಳೆಗಾಲಕ್ಕೆ ಮುಂಚೆ ಅವಳು ಊರಿಗೆ ಬಂದದ್ದು ಎದೆಯ ರೋಗ ಹೊತ್ತುಕೊಂಡು. ಬರುವಾಗ ಮೇಲಿನವರು ಒಂದು ಮಾತು ಹೇಳಿ ಕಳಿಸಿದ್ದರು: ಈ ಸಲ ಎಲ್ಲರೂ ಸೇರುವುದು ಶ್ರಾವಣದಲ್ಲಿ, ಧಾರವಾಡದಲ್ಲಿ. ನಿನ್ನ ಊರಿಗೆ ಹತ್ತಿರ, ಬಂದು ಕಾರ್ಡಿನ ಸಂಗತಿ ಹೇಳು. ಅಷ್ಟರ ಮೇಲೆಯೇ ಅವಳ ಜೀವ ನಿಂತಿತ್ತು.

ಈರಕ್ಕ ಕಟ್ಟೆಯ ಮೇಲೆ ಅಕ್ಕಿ ಆರಿಸುವಳು. ಕ್ರಿಸ್ತಿನಾ ಕಂಬಕ್ಕೆ ಒರಗಿ ನಿಂತು, ಎದುರಿಗೆ ಸಭೆ ಇದ್ದ ಹಾಗೆ ಮಾತು ರೂಢಿಸುವಳು.

"ಬಾಯಾರ, ನಂದೊಂದು ಪ್ರಶ್ನಿ ಐತ್ರಿ," ಎಂದು ಈರಕ್ಕ ಮೊರ ಕೆಳಗಿಡುವಳು. "ನಿಮ್ಮ ಮಶೀನು ಸೋಮವಾರ ಒಪ್ಪತ್ತು ಮಾಡತೈತೇನ್ರಿ?"

"ಧಾರವಾಡದಾಗ ಹಿಂಗ ಕೇಳಿದ್ರ ನಿನ್ನ ಹೊರಗ ಹಾಕ್ತಾರ ನೋಡು."

"ಹಾಕಲಿ. ನಿನ್ನ ಜೋಡಿ ಬರೂದಂತೂ ಖರೆ."

"ಬಾ. ಆದ್ರ ಏನರ ಕೇಳಬೇಕು ನೀ. ಯಾರೂ ಏನೂ ಕೇಳಲಿಲ್ಲಂದ್ರ, ಹೇಳಿದ್ದು ಯಾರ ತಲಿಗೂ ಹೋಗಿಲ್ಲಂತ ಅರ್ಥ."

ಧಾರವಾಡಕ್ಕೆ ಹೊರಟ ದಿನ ಬೆಳಗಿನಿಂದ ಮಳೆ. ಕ್ರಿಸ್ತಿನಾ ನೀಲಿ ಸೀರೆ ಉಟ್ಟಿದ್ದಳು. ಬಸ್ತ್ಯಾಂವ ಅವಳನ್ನು ಹೆಚ್ಚು ಕಡಿಮೆ ಹೊತ್ತುಕೊಂಡೇ ರಸ್ತೆಗೆ ತಂದ. ಈರಕ್ಕ ಅವಳ ತಲೆಯ ಮೇಲೆ ಎಲೆ ಹೆಣೆದ ಗೊರಬು ಹಿಡಿದಿದ್ದಳು. ಬಸ್ಸಿನ ಸಪ್ಪಳ ಕೇಳಿಸಿತು. ಅಷ್ಟರಲ್ಲಿ ಕ್ರಿಸ್ತಿನಾಳಿಗೆ ಕೆಮ್ಮು ಹತ್ತಿತು. ಸೆರಗಿನಲ್ಲಿ ರಕ್ತ.

"ಹತ್ತತೀರೇನ್ರಿ?" ಎಂದ ಕಂಡಕ್ಟರ್.

ಕ್ರಿಸ್ತಿನಾ ಒಂದು ಕಾಲು ಮುಂದಿಟ್ಟಳು. ಈರಕ್ಕ ಅವಳ ತೋಳು ಹಿಡಿದು, ಇನ್ನೊಂದು ಕೈಯಿಂದ ಬಸ್ಸಿಗೆ ಹೋಗೆಂದು ಸನ್ನೆ ಮಾಡಿದಳು.

ಮನೆಗೆ ತಂದು ಗೋಡೆಗೆ ಆನಿಸಿ ಕೂರಿಸಿದರು. ಮಲಗಲು ಒಪ್ಪಲಿಲ್ಲ. ಒದ್ದೆ ಸೀರೆ ಬದಲಿಸಲೂ ಬಿಡಲಿಲ್ಲ.

"ಅಲ್ಲಿ ಶುರು ಆಗಿರ್ತೈತಿ," ಎಂದಳು. ಆಮೇಲೆ ಹೇಳತೊಡಗಿದಳು. ಮೊದಲಿನಿಂದ. ಆಷಾಢದ ಮಳೆ, ಉಬ್ಬಿದ ಕಾರ್ಡು, ಹೀಟರು, ಆ ಹುಡುಗನ ಚೀಲ, ಭಾರ ಹೇರಿ ಕಾಯಬೇಕಾದ ರೀತಿ. ನಡುನಡುವೆ ಉಸಿರಿಗೆ ನಿಲ್ಲುವಳು, ನಿಂತಲ್ಲಿಂದಲೇ ಎತ್ತಿಕೊಳ್ಳುವಳು. ಒಂದು ಮಾತೂ ಬಿಡಲಿಲ್ಲ. ಬಸ್ತ್ಯಾಂವ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

ಹೇಳಿ ಮುಗಿಸಿ ಕೈ ಜೋಡಿಸಿದಳು. ಇಷ್ಟು ವರ್ಷ ಚೇಷ್ಟೆಗೋ ನಿಜಕ್ಕೋ ಸಾವಿರ ಪ್ರಶ್ನೆ ಕೇಳಿದ್ದ ಈರಕ್ಕ ಬಗ್ಗಿ ಅವಳ ಒದ್ದೆ ಸೆರಗು ಹಿಂಡತೊಡಗಿದಳು.

ಕ್ರಿಸ್ತಿನಾ ಅವಳ ಮುಖವನ್ನೇ ನೋಡುತ್ತ ಕಾದಳು.

"ಏನರ ಕೇಳ, ಈರಕ್ಕಾ."