ಇಬ್ಬರು ಕೂತಾಗಿನ ಎತ್ತರ

ಹೆಂಡತಿ ಅವತ್ತು ಹೇಳಿದ್ದು ಒಂದು ಮಾತೋ ಎರಡು ಮಾತೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ನನ್ನ ನೆನಪಿನಲ್ಲಿ ಅವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಾಳೆ, ಕೈಯಲ್ಲಿ ಹಾಲಿನ ಕ್ಯಾನಿದೆ. "ಗಾಡಿ ಮಾರ್ಬೇಡ ಬಾವ, ನಾನ್ ಓಡಿಸ್ತೀನಿ" ಅನ್ನುತ್ತಾಳೆ. ಅಷ್ಟೇ. ಅವಳ ನೆನಪಿನಲ್ಲಿ ಕ್ಯಾನಿಲ್ಲ. ಜಗಲಿಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳಂತೆ. ಮಾತಿಗೆ ಒಂದು ಬಾಲವೂ ಇತ್ತಂತೆ: "ನೀನ್ ಇಂದೆ ಕೂತ್ಕೊ." ಹೇಳಲಿಲ್ಲ ಎಂದು ನಾನು, ಕೇಳಿಸಿಕೊಳ್ಳಲಿಲ್ಲ ಎಂದು ಅವಳು. ಅವಳು ನನ್ನ ಸೋದರತ್ತೆಯ ಮಗಳು. ಮದುವೆಗೆ ಮುಂಚಿನಂತೆಯೇ ಈಗಲೂ ಬಾವ ಅನ್ನುತ್ತಾಳೆ, ಜಗಳವನ್ನೂ ಆಗಿನಂತೆಯೇ ಆಡುತ್ತಾಳೆ.

ಗಾಡಿಯೆಂದರೆ ಹಳೇ ಬುಲೆಟ್ಟು, ಹೆಚ್ಚುಕಮ್ಮಿ ನನ್ನ ವಯಸ್ಸಿನದು. ಬೇತಮಂಗಲದ ರಸ್ತೆಯಲ್ಲಿರುವ ನಮ್ಮೂರಿನಿಂದ ಅದರ ಮೇಲೆ ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿ, ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಮಾರಿಕುಪ್ಪಂನಿಂದ ಬರುವ ರೈಲು ಹತ್ತಿ ಬೆಂಗಳೂರಿನ ಕಾರ್ಖಾನೆಗೆ ಹೋಗುತ್ತಿದ್ದೆ. ರಜೆಯಲ್ಲಿ ಅವಳನ್ನು ಹಿಂದೆ ಕೂರಿಸಿಕೊಂಡು ಬೇತಮಂಗಲದಲ್ಲಿದ್ದ ಅವಳ ತವರಿಗೆ ಹೋಗಿ, ಕೆರೆ ಏರಿಯ ಮೇಲೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದೆವು. ಆಮೇಲೆ ನನ್ನ ಕಣ್ಣಿನ ನರ ಸೊರಗಿತು. ನೇರಕ್ಕಿರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಒಂದು ಸಂಜೆ ರಾಗಿ ಹೊಲದಿಂದ ಬಂದ ಹಸು, ಹೆಡ್‌ಲೈಟಿನ ಮುಂದೆ ಬಂದು ನಿಂತ ಮೇಲೇ ನನ್ನ ಪಾಲಿಗೆ ಹುಟ್ಟಿತು. ಇನ್ನು ಗಾಡಿ ಮುಟ್ಟಬೇಡಿ ಎಂದರು ಡಾಕ್ಟರು.

ಬುಲೆಟ್ಟು ಟಾರ್ಪಾಲಿನ ಕೆಳಗೆ ಹೋಯಿತು. ಬೆಂಗಳೂರಿನಿಂದ ಹಳೇ ಗಾಡಿಗಳ ಹುಚ್ಚಿನವನೊಬ್ಬ ಬಂದು ಟ್ಯಾಂಕನ್ನು ಬೆರಳಿನಿಂದ ತಟ್ಟಿ ನೋಡಿ, ಕೊಡುವುದಾದರೆ ಹೇಳಿ ಎಂದು ಹೋದ. ಕೊಡುವುದೆಂದು ನಾನು ಮನಸ್ಸು ಮಾಡಿಯೂ ಆಗಿತ್ತು. ಆಗಲೇ ಅವಳು ಆ ಒಂದು ಮಾತು, ಅಥವಾ ಎರಡು ಮಾತು, ಹೇಳಿದ್ದು.

ಅವಳು ನಿಂತರೆ ತಲೆ ನನ್ನ ಅಂಗಿಯ ಜೇಬಿಗೆ ಬರುತ್ತದೆ. ಹಾಲು ಹಾಕಲು ಮೊಪೆಡ್ ಓಡಿಸಿ ಅಭ್ಯಾಸವಿತ್ತು. ಬುಲೆಟ್ಟಿನ ಮೇಲೆ ಕೂರಿಸಿದರೆ ಎರಡು ಕಾಲೂ ಗಾಳಿಯಲ್ಲಿ ತೂಗಾಡಿದವು. ಗಾಡಿ ವಾಲಿತು. ನಾನು ಹಿಡಿದೆ.

"ಬಿದ್ರೆ ಎತ್ತೋರ್ಯಾರೇ ಇದನ್ನ?"

"ನನ್ನ ಕಾಲು ಉದ್ದ ಮಾಡ್ಸು. ಆಗದಿದ್ರೆ ಇದರ ಕಾಲು ಮೊಟಕು ಮಾಡ್ಸು" ಎಂದಳು.

ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ ಹಳೇ ಗಾಡಿಗಳನ್ನೇ ನೋಡುವ ಮೆಕ್ಯಾನಿಕ್ ಒಬ್ಬನಿದ್ದಾನೆ. ಗಣಿಯವರ ಲೈನ್ ಮನೆಯ ಮುಂದೆ ತಗಡಿನ ಶೆಡ್ಡು. ಮನೆಮಾತು ತಮಿಳು, ಗಿರಾಕಿಗೆ ತಕ್ಕಂತೆ ಕನ್ನಡ, ಸ್ಕ್ರೂ ಕೈಜಾರಿದರೆ ತೆಲುಗು. ಕೈಗಿಂತ ಬಾಯಿ ಜಾಸ್ತಿ ಓಡುತ್ತದೆ. ಗಾಡಿಯನ್ನು ಟೆಂಪೋದಲ್ಲಿ ಹೇರಿಸಿಕೊಂಡು ಅಲ್ಲಿಗೆ ಒಯ್ದೆವು. ಹಿಂದಿನ ಎರಡು ಶಾಕಬ್ಸರ್ ತೆಗೆದು ಗಿಡ್ಡನೆಯ ಜೋಡಿ ಹಾಕಿದ. ಮುಂದಿನ ಫೋರ್ಕಿನೊಳಗೂ ಗಿಡ್ಡ ಸ್ಪ್ರಿಂಗು ಹೋಯಿತು. ಸ್ಟ್ಯಾಂಡನ್ನು ಕತ್ತರಿಸಿ ಬೆಸೆದ. ಇಲ್ಲದಿದ್ದರೆ ತಗ್ಗಿದ ಗಾಡಿ ವಾಲದೆ ನೆಟ್ಟಗೆ ನಿಂತು ಆಚೆ ಬದಿಗೆ ಬೀಳುತ್ತದಂತೆ. ಕೊನೆಗೆ ಸೀಟು ಬಿಚ್ಚಿ ಫೋಮನ್ನು ಚಾಕುವಿನಿಂದ ಹೆರೆಯತೊಡಗಿದ. ಅಷ್ಟು ವರ್ಷ ನಾನು ಕೂತು ಬಿದ್ದಿದ್ದ ತಗ್ಗು ಅಲ್ಲೊಂದಿತ್ತು. ಅದು ಹೋಯಿತು. ಆಗ ನನಗೇನೂ ಅನ್ನಿಸಲಿಲ್ಲ. ಈಗ ಬರೆಯುವಾಗ ಅನ್ನಿಸುತ್ತಿದೆ, ಆದರೆ ಬರೆಯುವಾಗ ಅನ್ನಿಸುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಅಳತೆಗೆ ಅವನು ಟೇಪು ಮುಟ್ಟಲಿಲ್ಲ. ತನ್ನ ರಬ್ಬರ್ ಚಪ್ಪಲಿ ಬಿಚ್ಚಿ, ನೆಲಕ್ಕೆ ಕೆನ್ನೆಯಿಟ್ಟು ಮಲಗಿ, ಅವಳ ಹಿಮ್ಮಡಿಯ ಕೆಳಗೆ ತೂರಿಸಿ ನೋಡುತ್ತಿದ್ದ. ಚಪ್ಪಲಿ ಹೋದರೆ ಇನ್ನೂ ತಗ್ಗಬೇಕು. "ಏಳಿ ಅಕ್ಕಾ, ಕೂತ್ಕೊಳ್ಳಿ ಅಕ್ಕಾ" ಎಂದು ಅವಳಿಗೆ ಸಾಕುಸಾಕು ಮಾಡಿದ.

"ಅರೆ ತಮ್ಮಾ, ಎಣ್ಣು ನೋಡೋಕ್ ಬಂದೋರೂ ನನ್ನ ಇಷ್ಟು ಸಲ ಏಳ್ಸಿ ಕೂರ್ಸಿರ್ಲಿಲ್ಲ" ಎಂದಳು.

"ಅವತ್ತು ನೋಡಕ್ ಬಂದಿದ್ದೋನು ನಾನೇ. ಕೂತೇ ಇದ್ದೆ ನೀನು, ಏಳ್ಲೇ ಇಲ್ಲ" ಎಂದೆ.

ಮಧ್ಯಾಹ್ನದ ಹೊತ್ತಿಗೆ ಚಪ್ಪಲಿ ಹಿಮ್ಮಡಿಗೆ ಸಿಕ್ಕಿಕೊಂಡಿತು. ಅವಳು ಗಣಿಯ ಮಣ್ಣು ಸುರಿದು ಬೆಳೆದ ಸೈನೈಡ್ ದಿಬ್ಬದ ಮುಂದಿನ ಬಯಲಿನಲ್ಲಿ ಒಂದು ಸುತ್ತು ಹಾಕಿ ಬಂದು, ಎರಡೂ ಪಾದ ಪೂರ್ತಿ ಊರಿ ನಿಲ್ಲಿಸಿದಳು. ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿತ್ತು. ಮುಖ ಕೆಂಪಗಾಗಿತ್ತು.

"ಅತ್ತು ಬಾವ."

"ನೀನ್ ಓಗು. ನಾನು ಬಸ್ಸಲ್ಲಿ ಬತ್ತೀನಿ."

ನಮ್ಮ ಕಡೆ ಗಂಡಸು ಮಗನ ಹಿಂದೆ ಕೂರುತ್ತಾನೆ, ದಾರಿಯಲ್ಲಿ ಕೈ ಅಡ್ಡ ಹಿಡಿದು ಗುರುತಿಲ್ಲದವನ ಹಿಂದೆಯೂ ಕೂರುತ್ತಾನೆ. ಹೆಂಡತಿಯ ಹಿಂದೆ ಕೂರುವುದಿಲ್ಲ. ಕೂರಬಾರದೆಂದು ಯಾರೂ ಹೇಳಿಲ್ಲ. ಹೇಳುವ ಸಂದರ್ಭವೇ ಯಾರಿಗೂ ಬಂದಿರಲಿಲ್ಲ.

"ಬಸ್ಸಿಗ್ ಓಗೋದಾದ್ರೆ ಇದನ್ಯಾಕ್ ಗಿಡ್ಡ ಮಾಡ್ಸಿದ್ದು?" ಅವಳ ದನಿ ಒಮ್ಮೆಲೇ ತಗ್ಗಿತು. "ಆಲು ಆಕಕ್ಕೆ ನನಗೆ ಮೊಪೆಡ್ ಇಲ್ವಾ? ನಿನ್ನ ಕೂರಿಸ್ಕೊಂಡು ಓಗೋಣ ಅಂತಲ್ವಾ? ಏರಿ ಮೇಲೆ ನಿಂತು ಎಷ್ಟು ದಿನ ಆಯ್ತು? ಅವತ್ತೇ ಏಳಿದ್ನಲ್ಲ, ಇಂದೆ ಕೂತ್ಕೊ ಅಂತ."

ಆ ಬಾಲವನ್ನು ನಾನು ಮೊದಲ ಸಲ ಕೇಳಿದ್ದು ಆಗ. ಹತ್ತಿದೆ.

ಲೈನ್ ಮನೆಗಳ ಕೊನೆಯಲ್ಲಿ ಒಂದು ರಸ್ತೆಯುಬ್ಬು. ಅದರ ಮೇಲೆ ಹತ್ತಿಳಿದದ್ದೇ ತಡ, ಹಿಂದಿನ ಟೈರು ಮಡ್‌ಗಾರ್ಡಿಗೆ ಸರ್ರನೆ ಉಜ್ಜಿ ಗಾಡಿ ನಿಂತಿತು. ಜಗಲಿಯ ಮೇಲೆ ಕೂತಿದ್ದ ಮುದುಕರೊಬ್ಬರು ಬೀಡಿ ತೆಗೆದು ಕೂಗಿದರು:

"ಲಗೇಜು ಜಾಸ್ತಿ ಆಯ್ತಮ್ಮಾ, ಇಳಿಸ್ಬುಡು!"

ನಾನು ಇಳಿದೆ. ಅವಳು ಇಳಿಯಲಿಲ್ಲ. "ಇಳಿಸೋ ಲಗೇಜಲ್ಲ ತಾತ ಇದು" ಎಂದು ಗಾಡಿ ತಿರುಗಿಸಿದಳು.

ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. "ಐಯೋ, ಅಣ್ಣನ್ನ ಮರ್ತೇ ಪೋಯ್ಟೆ!" ಬೆಳಗಿನಿಂದ ಅವಳೊಬ್ಬಳ ಭಾರಕ್ಕೇ ಸ್ಪ್ರಿಂಗು ಹೊಂದಿಸಿದ್ದ. ನಾನೂ ಪಕ್ಕದಲ್ಲೇ ನಿಂತಿದ್ದೆ. ಹಿಂದಿನ ಸೀಟೆಂಬುದು ಅವನ ಲೆಕ್ಕದಲ್ಲೂ ಇರಲಿಲ್ಲ, ನನ್ನ ಲೆಕ್ಕದಲ್ಲೂ ಇರಲಿಲ್ಲ. ಇತ್ತೆಂದರೆ ಅವಳೊಬ್ಬಳ ಲೆಕ್ಕದಲ್ಲಿ. ಎಲ್ಲರಿಗೂ ಗೊತ್ತಿದೆಯೆಂದುಕೊಂಡು ಅವಳೂ ಸುಮ್ಮನಿದ್ದಳು.

"ಗಟ್ಟಿ ಸ್ಪ್ರಿಂಗ್ ಹಾಕ್ತೀನಿ" ಎಂದ ಅವನು. "ಆದ್ರೆ ಅಕ್ಕ ಒಬ್ರೇ ಕೂತ್ರೆ ಗಾಡಿ ಮೇಲಕ್ಕೆ ನಿಲ್ತದೆ, ಬೆರಳು ಮಾತ್ರ ನೆಲಕ್ಕೆ ಸಿಗೋದು. ಮೆತ್ತಂದೇ ಇರ್ಲಿ ಅಂದ್ರೆ ಪಾದ ಪೂರ್ತಿ ಸಿಗ್ತದೆ, ಅಣ್ಣ ಕೂರಂಗಿಲ್ಲ. ಯಾವ್ದು ಹೇಳಿ?"

"ಮೆತ್ತಂದೇ ಇರ್ಲಿ" ಎಂದೆ. ಅವಳು ಬೀಳಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಬಸ್ಸೂ ಇತ್ತೇನೋ ತಲೆಯಲ್ಲಿ. ಈಗ ಹೇಳಲಾರೆ.

"ಗಟ್ಟೀದು" ಎಂದಳು ಅವಳು, ನನ್ನ ಕಡೆ ನೋಡದೆ.

ಬಿಸಿಲು ಇಳಿಯುವ ಹೊತ್ತಿಗೆ ಅವನು ಮತ್ತೆ ನೆಲಕ್ಕೆ ಕೆನ್ನೆಯಿಟ್ಟು ಮಲಗಿದ. ಅವಳು ಕೂತಳು. ಚಪ್ಪಲಿ ಹಿಮ್ಮಡಿಯ ಕೆಳಗೆ ಸಲೀಸಾಗಿ ಹೋಯಿತು. "ಅಣ್ಣಾ, ಹತ್ತಿ." ನಾನು ಹತ್ತಿದೆ. ಗಾಡಿ ಉಸಿರುಬಿಟ್ಟಂತೆ ತಗ್ಗಿತು, ಚಪ್ಪಲಿ ಸಿಕ್ಕಿಕೊಂಡಿತು. "ಇಳೀರಿ." ಬಿಟ್ಟುಕೊಂಡಿತು. "ಹತ್ತಿ." ಸಿಕ್ಕಿಕೊಂಡಿತು. ಅವನಿಗೆ ಇದು ಆಟವಾಗಿ, ಇನ್ನೊಂದು ಸಲ ಇಳಿಸಿ ಹತ್ತಿಸಿದ.

ಈ ಕಥೆಯನ್ನು ಹೇಳುವಾಗೆಲ್ಲ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ: ನಾನು ಹಿಂದೆ ಕೂತರೆ ಮಾತ್ರ ಅವಳ ಪಾದ ನೆಲ ಮುಟ್ಟುತ್ತದೆ ಎಂದು. ಕೇಳಿದವರು ಆಹಾ ಅನ್ನುತ್ತಿದ್ದರು. ಅದು ಅಷ್ಟು ಚೆಂದವಾಗಿ ಕೂಡಿಬರುವುದೇ ನನಗೆ ಅನುಮಾನ. ಏಕೆಂದರೆ ಈಗ ಅವಳು ವಾರಕ್ಕೊಮ್ಮೆ ಒಬ್ಬಳೇ ಅದರ ಮೇಲೆ ಬಂಗಾರಪೇಟೆಗೆ ಹೋಗಿ ಹಿಂಡಿ ಮೂಟೆ ತರುತ್ತಾಳೆ. ರೈಲ್ವೆ ಗೇಟು ಹಾಕಿದ್ದರೆ ಸೀಟಿನ ತುದಿಗೆ ಜಾರಿ, ಗಾಡಿಯನ್ನು ಒಂದಿಷ್ಟು ವಾಲಿಸಿ, ಒಂದೇ ಕಾಲಿನ ಬೆರಳೂರಿ ನಿಲ್ಲುತ್ತಾಳೆ. ಬಿದ್ದಿಲ್ಲ. ನನ್ನ ಭಾರ ಅವಳಿಗೆ ಬೇಕಾಗಿಲ್ಲ.

ಬೇಕಾಗಿಲ್ಲದಿದ್ದರೂ ಆ ಸಂಜೆ ಅವಳು ಗಾಡಿ ಚಾಲೂ ಮಾಡಿ ಕಾದಳು. ನಾನು ಹಿಂದೆ ಕೂತು ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡಿದ್ದೆ.

"ಎಲ್ಲಿ ಇಡ್ಕೊಳ್ಳೇ?"

"ಇಷ್ಟು ವರ್ಷ ನಾನ್ ಎಲ್ ಇಡ್ಕೊಂಡಿದ್ದೆ? ಅಲ್ಲೇ."

ಅದು ನನಗೆ ಗೊತ್ತಿರಲಿಲ್ಲ. ಭುಜವೋ, ಸೊಂಟವೋ, ಸೀಟಿನ ಕಂಬಿಯೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನಾನು ರಸ್ತೆ ನೋಡುತ್ತಿದ್ದೆ. ಅವಳು ಕ್ಲಚ್ಚಿನ ಮೇಲಿದ್ದ ಕೈ ತೆಗೆದು ಹಿಂದಕ್ಕೆ ಚಾಚಿ, ನನ್ನ ಎಡಗೈಯನ್ನು ಹುಡುಕಿ ತೆಗೆದುಕೊಂಡು, ತನ್ನ ಪಕ್ಕೆಯ ಮೇಲೆ, ಸೆರಗು ಸಿಕ್ಕಿಸಿದ್ದ ಜಾಗದಲ್ಲಿ ಇಟ್ಟಳು.

ಅಲ್ಲಿ.

ಮುದುಕರು ಇನ್ನೂ ಜಗಲಿಯಲ್ಲೇ ಇದ್ದರು. ಉಬ್ಬು ಹತ್ತಿರವಾಯಿತು. ನಾವಿಬ್ಬರೂ ಟೈರಿನ ಸದ್ದಿಗೆ ಕಿವಿಗೊಟ್ಟು ಕೂತೆವು. ಹತ್ತಿದೆವು, ಇಳಿದೆವು. ಏನೂ ಉಜ್ಜಲಿಲ್ಲ. ಅವಳು ಬೇತಮಂಗಲದ ಕೆರೆಯ ಕಡೆಗೆ ತಿರುಗಿಸಿದಳು.