ಪೂರ್ವ ಗೇಟಿನ ಪಾರ್ಕಿಂಗ್ ಚೀಟಿ

ಲವಾನ್ ಕ್ರೇಬಿಲ್ ನಮ್ಮ ಕಡೆಯ ಹೊಲಮನೆಗಳಿಗೆ ಟಪಾಲು ಹಂಚುತ್ತಿದ್ದ ಹೆಂಗಸು. ಬೆಳಿಗ್ಗೆ ಟರ್ಲಿನ್ ಊರಿನ ಅಂಚೆ ಕಚೇರಿಯಿಂದ ಹೊರಟರೆ ಎಪ್ಪತ್ತೆರಡು ಮೈಲಿ ಜಲ್ಲಿರಸ್ತೆ ಸುತ್ತಿ ಮಧ್ಯಾಹ್ನ ಮೂರಕ್ಕೆ ವಾಪಸು. ನನಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದ ಕಾಗದ ಬಂದ ದಿನ ಅವರು ಅದನ್ನು ರಸ್ತೆಬದಿಯ ನಮ್ಮ ಟಪಾಲು ಡಬ್ಬಿಗೆ ಹಾಕಲಿಲ್ಲ. ಹಾರ್ನ್ ಹೊಡೆದು ನನ್ನನ್ನು ಹಂದಿಗೂಡಿನಿಂದ ಹೊರಗೆ ಕರೆದು ಕೈಗೇ ಕೊಟ್ಟರು. ನಮ್ಮ ಮನೆಗೆ ಅಂಥ ಕಾಗದ ಬಂದದ್ದು ಅದೇ ಮೊದಲು.

ಟರ್ಲಿನ್ ಸ್ಟೇಟ್ ಕಾಲೇಜಿನ ಅಮೆರಿಕನ್ ಫುಟ್ಬಾಲ್ ಪಂದ್ಯಗಳ ಪಟ್ಟಿ ಪ್ರತಿ ಫೆಬ್ರವರಿಯಲ್ಲಿ ಅಚ್ಚಾಗಿ ಬರುತ್ತಿತ್ತು. ಅದು ಕೈಗೆ ಬಂದ ಅರ್ಧ ಗಂಟೆಯೊಳಗೆ, ಉಳಿದ ನೌಕರರು ಕಾಫಿ ಮುಗಿಸುವ ಮೊದಲೇ, ಲವಾನ್ ನಮ್ಮ ಮೈದಾನದಲ್ಲಿ ನಡೆಯುವ ಐದೂ ಪಂದ್ಯಗಳ ಶನಿವಾರಕ್ಕೆ ರಜೆ ಅರ್ಜಿ ಬರೆದುಕೊಡುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಊರಿನ ಒಂದು ಪಂದ್ಯವನ್ನೂ ಅವರು ತಪ್ಪಿಸಿರಲಿಲ್ಲ. ಸ್ವಂತ ತಂಗಿ ಕೂಡ ಪಂದ್ಯವಿಲ್ಲದ ಶನಿವಾರ ಹುಡುಕಿ ಮದುವೆಯಾಗಬೇಕಾಯಿತು.

ಹತ್ತಿಪ್ಪತ್ತು ಕಾಲೇಜುಗಳು ಸೇರಿ ತಮ್ಮತಮ್ಮಲ್ಲೇ ಆಡಲು ಕಟ್ಟಿಕೊಂಡ ಕೂಟಕ್ಕೆ ನಮ್ಮಲ್ಲಿ ಕಾನ್ಫರೆನ್ಸ್ ಎನ್ನುತ್ತಾರೆ. ಯಾವ ಕಾಲೇಜು ಯಾವ ವರ್ಷ ಯಾವ ಕೂಟ ಬಿಟ್ಟು ಯಾವುದಕ್ಕೆ ಹಾರಿತು ಎಂಬುದು ಲವಾನ್‌ಗೆ ಬಾಯಿಪಾಠ. ೧೯೯೩ರಲ್ಲಿ ನಮ್ಮ ಹಳೆಯ ಕೂಟವೇ ಒಡೆಯಿತು. ನಾವೂ ನಮ್ಮ ಹಳೆಯ ಎದುರಾಳಿ ಮಾರ್ಡನ್ ಸ್ಟೇಟ್‌ನವರೂ ದೂರದ ಚಳಿನಾಡು ಡಕೋಟಾ ಕಡೆಯ ಕೂಟಕ್ಕೆ ಸೇರಿದೆವು. ಅಕ್ಟೋಬರಿನಲ್ಲಿ ನಡೆಯುತ್ತಿದ್ದ ಮಾರ್ಡನ್ ಪಂದ್ಯ ನವೆಂಬರ್ ಇಪ್ಪತ್ತಕ್ಕೆ ಹೋಯಿತು. ಅದಕ್ಕೆ ಮೊದಲಿನ ಎರಡು ಶನಿವಾರ ಡಕೋಟಾದಲ್ಲೇ ಆಟ.

ಊರಿನಲ್ಲಿ ಡಾಟ್ ಎಂಬಾಕೆಯ ಹೋಟೆಲಿನಲ್ಲಿ ಲವಾನ್ ಆ ಪಟ್ಟಿಯನ್ನು ಮೇಜಿನ ಮೇಲೆ ಬಡಿದರು.

"ಇದನ್ನ ಮಾಡ್ದೋರು ಯಾರೂ ಬಸ್ಸಲ್ಲಿ ಕೂತೋರಲ್ಲ. ದಕ್ಷಿಣದಿಂದ ಬಂದ ಹುಡುಗ್ರನ್ನ ನವೆಂಬರ್ ಚಳೀಲಿ ಹನ್ನೊಂದು ಗಂಟೆ ಬಸ್ಸಿಗೆ ತುಂಬ್ತಾರಂತೆ!"

ಎದುರು ಕೂತಿದ್ದವರು ಮಿಲ್ಟ್ ಉನ್ರು. ಗೋಧಿ ಬೆಳೆಯುವ ರೈತ, ಹುಟ್ಟಿನಿಂದ ಮಾರ್ಡನ್ ಕಡೆಯವರು. ಮೂವತ್ತು ವರ್ಷದಿಂದ ಇಬ್ಬರೂ ಅದೇ ಮೇಜಿನಲ್ಲಿ ಕೂತು ಜಗಳವಾಡುತ್ತಿದ್ದರು.

"ಹೆಪ್ಪುಗಟ್ಟಲಿ ಬಿಡು, ನಮಗೇ ಒಳ್ಳೇದು. ನಿಂತಲ್ಲೇ ನಿಂತಿರ್ತಾರೆ, ಕೆಡವೋದು ಸುಲಭ."

"ಕೈ ಕಾಲು ಕಟ್ಟಿ ನಿಲ್ಸಿದ್ರೂ ನಿಮ್ಮೋರಿಂದ ಆಗಲ್ಲ ಕಣೋ. ಹೋದ ವರ್ಷ ನಮ್ಮ ಕೆಲ್ವಿನ್ ಹಿಂದೆ ಓಡೀ ಓಡೀ ನಿಮ್ಮೋರ ಶೂ ಕಿತ್ತೋಗಿತ್ತು."

ಕೆಲ್ವಿನ್ ಬ್ರೂಸಾರ್ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟಗಾರ. ಲೂಸಿಯಾನದ ಸೀಗಡಿ ದೋಣಿಯವರ ಮಗ. ಅವನ ಫೀಸು, ಊಟ, ಕೋಣೆ ಎಲ್ಲವೂ ಆಟದ ವಿದ್ಯಾರ್ಥಿವೇತನದಿಂದ. ಅದನ್ನು ಕೊಡುತ್ತಿದ್ದದ್ದು ಒಂದೊಂದೇ ವರ್ಷಕ್ಕೆ. ಆಡದವನಿಗೆ ಮುಂದಿನ ವರ್ಷ ಇಲ್ಲ.

ನವೆಂಬರ್ ನಾಲ್ಕರ ಬೆಳಿಗ್ಗೆ ತನ್ನ ಅಮ್ಮ ಕಳಿಸಿದ ಪಾರ್ಸೆಲ್ ತರಲು ಕೆಲ್ವಿನ್ ಅಂಚೆ ಕಚೇರಿಗೆ ಬಂದ. ಮೈಮೇಲೆ ತೆಳ್ಳನೆಯ ಮಳೆಯಂಗಿ, ತುಟಿ ಬೂದಿ ಬಣ್ಣ. ಲವಾನ್ ಗಾಡಿಗೆ ಕಾಗದ ತುಂಬುತ್ತಿದ್ದರು. ಗಾಡಿಯ ಹಿಂದೆ ಅವರದೊಂದು ಕಂದು ಕ್ಯಾನ್ವಾಸಿನ ಉಣ್ಣೆ ಒಳಪದರದ ಕೋಟು ಇತ್ತು, ಎಲ್ಲ ಬಟ್ಟೆಗಳ ಮೇಲೆ ಹಾಕಿಕೊಳ್ಳಲೆಂದು ತೀರ ದೊಡ್ಡದಾಗಿ ಕೊಂಡದ್ದು.

"ತಗೋ, ಹಾಕ್ಕೋ."

"ಬೇಡ ಮೇಡಂ, ನಾನು ಚೆನ್ನಾಗೇ ಇದೀನಿ."

"ಹಲ್ಲು ಕಟಕಟ ಅನ್ನೋದು ಇಲ್ಲಿಗೆ ಕೇಳ್ತಿದೆ. ಸುಮ್ನೆ ಹಾಕ್ಕೊಳಪ್ಪಾ."

ಅಷ್ಟೇ. ಆದರೆ ಮಾರನೆಯ ದಿನ ಡಾಟ್‌ಳ ಹೋಟೆಲಿನಲ್ಲಿ ಲವಾನ್ ಬಾಯಿ ಬಿಗಿಹಿಡಿಯಲಿಲ್ಲ. "ನನ್ನ ಕೋಟು ಹಾಕ್ಕೊಂಡೇ ಡಕೋಟಾಗೆ ಹೋಗ್ತಾನೆ ನೋಡ್ತಿರು" ಎಂದು ಮಿಲ್ಟ್‌ಗೆ ಹೇಳಿದರು.

ಆಗ ನಾನು ಟರ್ಲಿನ್ ಸ್ಟೇಟ್‌ನಲ್ಲೇ ಓದುತ್ತಾ, ಕಾಲೇಜಿನ ಕ್ರೀಡಾ ಕಚೇರಿಯಲ್ಲಿ ಟೈಪ್ ಮಾಡುವ ಕೆಲಸಕ್ಕಿದ್ದೆ. ನವೆಂಬರ್ ಹದಿನೇಳು, ಬುಧವಾರ, ಕೂಟದ ಮುಖ್ಯ ಕಚೇರಿಯಿಂದ ಫ್ಯಾಕ್ಸ್ ಬಂತು. ಟರ್ಲಿನ್ ಸ್ಟೇಟ್‌ನ ಆಟಗಾರನಿಗೆ ಕಾಲೇಜಿನ ಪೋಷಕರೊಬ್ಬರು ಕೋಟು ಕೊಟ್ಟಿದ್ದಾರೆಂದು ಮಾರ್ಡನ್‌ನಿಂದ ದೂರು ಹೋಗಿತ್ತು. ಪೋಷಕರೆಂದರೆ ಕಾಲೇಜಿನ ಅಭಿಮಾನಿ ಸಂಘದ ಸದಸ್ಯರು. ಅಂಥವರು ಆಟಗಾರನಿಗೆ ಒಂದು ಸ್ಯಾಂಡ್‌ವಿಚ್ ಕೊಟ್ಟರೂ ಅದು ಆಮಿಷ ಒಡ್ಡಿದಂತೆ ಎಂಬುದು ನಿಯಮ. ಕಾಲೇಜು ಉತ್ತರ ಕೊಟ್ಟು ವಿಷಯ ತೀರ್ಮಾನವಾಗುವ ತನಕ ಕೆಲ್ವಿನ್ ಆಡುವಂತಿಲ್ಲ.

ನಮ್ಮ ಕಚೇರಿಯಲ್ಲಿ ಈ ನಿಯಮಗಳನ್ನು ನೋಡಿಕೊಳ್ಳುತ್ತಿದ್ದವರು ಆರ್ಲೀನ್ ಪೆನ್ನರ್. ಗುರುವಾರ ಮೂರೂವರೆಗೆ ಲವಾನ್‌ರನ್ನು ಕರೆಸಿದರು. ಹೇಳಿಕೆ ಟೈಪ್ ಮಾಡಲು ನಾನು ಮೂಲೆಯಲ್ಲಿ ಕೂತಿದ್ದೆ.

"ನಾನು ಯಾವ ಸಂಘದೋಳೂ ಅಲ್ಲ ಆರ್ಲೀನ್. ಚರ್ಚು, ಅಂಚೆ ಕಚೇರಿ, ಎರಡೇ. ಅಲ್ಲಿಗೆ ಮುಗೀತಲ್ಲ?"

ಪೆನ್ನರ್ ಹಳದಿಯಾದ ಕಾರ್ಡೊಂದನ್ನು ಮೇಜಿನ ಮೇಲೆ ಸರಿಸಿದರು. ೧೯೭೯ರ ಆಗಸ್ಟ್. ಲವಾನ್ ಅವರದೇ ಸಹಿ. ಅಭಿಮಾನಿ ಸಂಘ, ಹನ್ನೆರಡು ಡಾಲರ್.

"ಅದು ಪಾರ್ಕಿಂಗಿಗೆ!" ಲವಾನ್ ಎದ್ದೇ ನಿಂತರು. "ಪೂರ್ವ ಗೇಟಿನ ಹತ್ರ ಗಾಡಿ ನಿಲ್ಸೋಕೆ ಆ ವರ್ಷ ಸಂಘದ ಚೀಟಿ ಬೇಕು ಅಂದ್ರು. ನನ್ನ ಮಂಡಿ ಆಪರೇಷನ್ ಆಗಿತ್ತು. ಒಂದೇ ಒಂದು ವರ್ಷ!"

"ಒಂದ್ಸಲ ಸೇರಿದ್ರೆ ಸಾಯೋವರೆಗೂ ಪೋಷಕರೇ ಅಂತ ನಿಯಮ ಹೇಳುತ್ತೆ. ನಾನು ಬರೆದದ್ದಲ್ಲ."

ಲವಾನ್ ಕೂತರು. ಟಪಾಲು ಗಾಡಿಯ ಬೀಗದ ಕೈಯನ್ನು ಬೆರಳಲ್ಲಿ ಸುತ್ತಿಸುತ್ತಲೇ ಇದ್ದರು.

"ಹುಡುಗನ ಗತಿ?"

"ಈ ಶನಿವಾರ ಆಡಲ್ಲ. ಅದೇ ಕೊನೇ ಪಂದ್ಯ, ಸೀಸನ್ ಅಲ್ಲಿಗೆ ಮುಗಿಯುತ್ತೆ. ಕೋಚ್ ಅವನ ವಿದ್ಯಾರ್ಥಿವೇತನಕ್ಕೆ ಈಗಾಗ್ಲೇ ಟೆಕ್ಸಸ್ ಹುಡುಗನೊಬ್ಬನನ್ನ ನೋಡ್ತಿದಾರೆ." ಪೆನ್ನರ್ ಕನ್ನಡಕ ತೆಗೆದಿಟ್ಟು ದನಿ ತಗ್ಗಿಸಿದರು. "ಲವಾನ್, ಸ್ವಲ್ಪ ಯೋಚ್ನೆ ಮಾಡಿ ಹೇಳಿ. ಆಟ ಆಡದ ವಿದ್ಯಾರ್ಥಿಗಳಿಗೂ ನೀವು ಹೀಗೇ ಕೋಟು ಗೀಟು ಕೊಡೋರು ಅಂತಾದ್ರೆ ಇದು ತಪ್ಪೇ ಅಲ್ಲ. ಯಾರಿಗಾದ್ರೂ ಕೊಟ್ಟಿದೀರಾ? ಒಬ್ಬರು ಸಾಕು."

ನನ್ನ ಕೈ ಟೈಪ್‌ರೈಟರಿನ ಮೇಲೇ ನಿಂತಿತು. ನನಗೆ ಅವರು ಎಂದೂ ಕೋಟು ಕೊಟ್ಟವರಲ್ಲ. ಆದರೆ ನನ್ನ ಹೆಸರು ಹೇಳಿದ್ದರೆ ನಾನು ಹೌದು ಎನ್ನುತ್ತಿದ್ದೆ. ಲವಾನ್ ತಿರುಗಿ ನನ್ನನ್ನೇ ನೋಡಿದರು. ಗೋಡೆಯ ಬಿಸಿನೀರಿನ ಕೊಳವೆ ಎರಡು ಸಲ ಟಕ್ ಎಂದಿತು.

"ಇಲ್ಲ," ಎಂದರು. "ಇವಳಿಗೆ ನಾಕು ವರ್ಷ ಚಳೀಲಿ ಕಾಗದ ತಂದುಕೊಟ್ಟಿದೀನಿ, ಕೈಗವಸು ಇದೆಯಾ ಅಂತ ಒಂದಿನ ಕೇಳಿಲ್ಲ. ಅವನು ಚೆಂಡು ಹಿಡ್ಕೊಂಡು ಓಡ್ತಾನೆ ಅಂತಲೇ ಕೊಟ್ಟೆ. ಹಾಗೇ ಬರ್ಕೋ."

ನಾನು ಹಾಗೇ ಬರೆದುಕೊಂಡೆ.

ಉಳಿದದ್ದು ಒಂದೇ ದಾರಿ. ಕೋಟು ವಾಪಸು ಬರಬೇಕು, ಕಾಲೇಜೇ ಲವಾನ್‌ರನ್ನು ದೂರ ಮಾಡಬೇಕು. ಐದು ವರ್ಷ ಟಿಕೆಟ್ ಕೊಡುವಂತಿಲ್ಲ, ನಮ್ಮ ಮೈದಾನದೊಳಗೆ ಬಿಡುವಂತಿಲ್ಲ. ಆಗ ಕೂಟದವರು ಸಾಮಾನ್ಯವಾಗಿ ಆಟಗಾರನನ್ನು ಬಿಟ್ಟುಬಿಡುತ್ತಾರೆ. ಸಾಮಾನ್ಯವಾಗಿ, ಎಂದು ಪೆನ್ನರ್ ಎರಡು ಸಲ ಹೇಳಿದರು. ಲವಾನ್‌ಗೆ ಆಗ ಅರವತ್ತೊಂದು.

"ಐದು," ಎಂದರು ಲವಾನ್. "ನಾಡಿದ್ದಿನದೂ ಸೇರಿ?"

"ನಾಡಿದ್ದಿನಿಂದಲೇ."

ಪೆನ್ ಕೇಳಿ ತೆಗೆದುಕೊಂಡು ಸಹಿ ಹಾಕಿದರು. ಬಾಗಿಲ ಹತ್ತಿರ ಹೋಗಿ ತಿರುಗಿ, "ಆ ಹುಡುಗನಿಗೆ ಕಾಲೇಜೇ ಒಂದು ಕೋಟು ಕೊಡಬಹುದಾ? ನಿಮ್ಮ ನಿಯಮದಲ್ಲಿ ಅದಕ್ಕೊಂದು ತೂತಿಲ್ವಾ?" ಎಂದರು. ಇತ್ತು. ಪೆನ್ನರ್ ಅಂದೇ ಅರ್ಜಿ ತುಂಬಿಸಿದರು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಕಾಗದ ಫ್ಯಾಕ್ಸಿನಲ್ಲಿ ಹೋಯಿತು. ಕೂಟದ ಕಚೇರಿ ಮುಚ್ಚುವುದು ಐದಕ್ಕೆ. ಹನ್ನೊಂದಕ್ಕೆ ಕೆಲ್ವಿನ್ ಕೋಟನ್ನು ಮಡಚಿ ತಂದು ನನ್ನ ಮೇಜಿನ ಮೇಲಿಟ್ಟ. "ಆ ಮೇಡಂಗೆ ಏನಾಗುತ್ತೆ?" ಎಂದು ಕೇಳಿದ. ಹೇಳಿದೆ. ಅವನು ಕೂತುಬಿಟ್ಟ, ತರಗತಿಗೂ ಹೋಗಲಿಲ್ಲ. ಎರಡಕ್ಕೆ ಕೋಚ್ ಬಂದು ಯಂತ್ರವನ್ನು ನೋಡಿ ಹೋದರು. ಮೂರಕ್ಕೆ ಮತ್ತೆ ಬಂದರು. ಮೂರೂವರೆಗೆ ಅದು ಗರಗರ ಎಂದಾಗ ಎಲ್ಲರೂ ಎದ್ದೆವು. ಯಾವುದೋ ಪಿಜ್ಜಾ ಅಂಗಡಿಯ ಜಾಹೀರಾತು. ಕೆಲ್ವಿನ್ ಅದನ್ನು ಹರಿಯದೆ, ಅಂಚಿಗೆ ಅಂಚು ಕೂಡಿಸಿ, ಬೆರಳಿನಷ್ಟು ಚಿಕ್ಕದಾಗುವ ತನಕ ಮಡಚುತ್ತಲೇ ಹೋದ. ನಾಲ್ಕೂವರೆಗೆ ಪೆನ್ನರ್ ಫೋನು ಮಾಡಿದರೆ ಆ ಕಡೆ ಯಾರೂ ಎತ್ತಲಿಲ್ಲ. ಐದಕ್ಕೆ ಎಂಟು ನಿಮಿಷವಿದ್ದಾಗ ಯಂತ್ರ ಒಂದೇ ಸಾಲು ಉಗುಳಿತು: ಆಟಗಾರ ಆಡಬಹುದು.

ಕೆಲ್ವಿನ್ ಎರಡು ಸಲ ಓದಿ ಹೊರಗೆ ಓಡಿದ.

ಶನಿವಾರ ಲವಾನ್ ತಮ್ಮ ರಜೆ ರದ್ದು ಮಾಡಿ ಟಪಾಲಿಗೆ ಹೊರಟರು. ಮುಂದಿನದನ್ನು ನನಗೆ ಆಮೇಲೆ ಅವರೇ ಹೇಳಿದ್ದು. ಒಂದೂವರೆಗೆ ಲವಾನ್ ಮಿಲ್ಟ್ ಉನ್ರು ಅವರ ಡಬ್ಬಿಯ ಹತ್ತಿರ ಬಂದಾಗ ಮಿಲ್ಟ್ ಅಲ್ಲೇ ನಿಂತಿದ್ದರು. ಜೇಬಿನಲ್ಲಿ ಪಂದ್ಯದ ಟಿಕೆಟ್ ಇತ್ತು, ಹೋಗಿರಲಿಲ್ಲ.

"ಮಾರ್ಡನ್‌ನಲ್ಲಿ ನಮ್ಮ ಹುಡುಗರ ಎದುರಿಗೆ ತಮಾಷೆಗೆ ಅಂದೆ ಲವಾನ್. ಟರ್ಲಿನ್‌ನೋರಿಗೆ ಟಪಾಲಿನೋಳೇ ಬಟ್ಟೆ ಹಾಕ್ಬೇಕು ಅಂತ. ಯಾರೋ ದೂರು ಕೊಡ್ತಾರೆ ಅಂತ ನಾನೇನು ಕನಸು ಕಂಡಿದ್ನಾ?"

"ನಾನೂ ತಮಾಷೆಗೇ ನಿನ್ನ ಹತ್ರ ಜಂಬ ಕೊಚ್ಚಿದ್ದು. ಗಾಡಿ ಹತ್ತು, ಚಳಿ ಬರ್ತಿದೆ. ಎರಡು ನಿಮಿಷ ಮಾತ್ರ, ಇನ್ನೂ ಎಂಬತ್ತು ಡಬ್ಬಿ ಬಾಕಿ."

ಇಬ್ಬರೂ ಗಾಡಿಯ ರೇಡಿಯೋದಲ್ಲಿ ಪಂದ್ಯ ಕೇಳಿದರು. ಕೆಲ್ವಿನ್ ಒಮ್ಮೆ ನಲವತ್ತು ಗಜ ಓಡಿದ. ಲವಾನ್ ಸ್ಟೀರಿಂಗಿಗೆ ಗುದ್ದಿದರು, ಮಿಲ್ಟ್ ಬೈದರು. ಪಂದ್ಯವನ್ನು ಮೂರು ಅಂಕಗಳಿಂದ ನಾವು ಸೋತೆವು. ವಸಂತಕ್ಕೆ ಕೆಲ್ವಿನ್‌ನ ವಿದ್ಯಾರ್ಥಿವೇತನ ಮತ್ತೊಂದು ವರ್ಷಕ್ಕೆ ಮುಂದುವರಿಯಿತು.

ಫೆಬ್ರವರಿಯಲ್ಲಿ ಹೊಸ ಪಟ್ಟಿ ಬಂದ ದಿನ ಲವಾನ್ ಕ್ರೀಡಾ ಕಚೇರಿಗೇ ಬಂದರು. ಒಳಗೆ ಕಾಲಿಡದೆ ಹೊಸ್ತಿಲಾಚೆ ನಿಂತರು. ಕಟ್ಟಡವೂ ನಿಷೇಧದಲ್ಲಿ ಸೇರಿದೆಯೇ ಎಂಬುದು ಅವರಿಗೆ ಗೊತ್ತಿರಲಿಲ್ಲ.

"ಏನಮ್ಮಾ, ಆ ಕಾಗದ ಟೈಪ್ ಮಾಡಿದ್ದು ನೀನೇ ಅಲ್ವಾ? ನಮ್ಮ ಮೈದಾನ, ನಮ್ಮ ಟಿಕೆಟ್ ಅಂತ ತಾನೇ ಅದರಲ್ಲಿರೋದು? ಬೇರೆಯೋರ ಮೈದಾನ, ಅವರ ಕಿಟಕೀಲಿ ಕೊಂಡ ಟಿಕೆಟ್?"

ಕಡತ ತೆಗೆದು ನೋಡಿದೆ. ಅದರ ಬಗ್ಗೆ ಒಂದು ಮಾತೂ ಇರಲಿಲ್ಲ. ಪೆನ್ನರ್‌ರನ್ನು ಕೇಳಿದೆ, ಅವರು ತಲೆ ಎತ್ತದೆ, "ಇಲ್ಲದ್ದನ್ನ ಓದೋಕಾಗಲ್ಲ" ಎಂದರು.

ಹೊರ ಊರುಗಳಲ್ಲಿ ಆರು ಪಂದ್ಯಗಳಿದ್ದವು. ಲವಾನ್ ನನ್ನಿಂದ ಪೆನ್ಸಿಲ್ ಇಸಿದುಕೊಂಡು, ಬಾಗಿಲ ಚೌಕಟ್ಟಿಗೆ ಪಟ್ಟಿಯನ್ನೊತ್ತಿ ಆರಕ್ಕೂ ಗುರುತು ಹಾಕಿದರು. ಕೊನೆಯದು ಮಾರ್ಡನ್‌ನಲ್ಲಿ. ಅಲ್ಲಿ ಅವರು ಮಿಲ್ಟ್ ಪಕ್ಕದ ಸೀಟಿನಲ್ಲಿ, ಎದುರಾಳಿಗಳ ನಡುವೆ ಕೂತು, ಗಂಟಲು ಹರಿಯುವಂತೆ ನಮ್ಮ ತಂಡದ ಪರ ಕೂಗಿದರಂತೆ. ಕಂದು ಕೋಟು ಅವರ ಮೈಮೇಲಿತ್ತು. ನಾನು ಅದನ್ನು ವಾಪಸು ಕೊಡುವಾಗ ಕೊರಳಪಟ್ಟಿಗೆ ಪಿನ್ನು ಮಾಡಿದ್ದ, 'ವಾಪಸು ಬಂದ ವಸ್ತು' ಎಂದು ಬರೆದ ಕಚೇರಿಯ ಚೀಟಿಯನ್ನು ಅವರು ಆಗಲೂ ತೆಗೆದೇ ಇರಲಿಲ್ಲವಂತೆ.