ಮೌಶಿಯ ಗುಳಿಗೆ ಡಬ್ಬಿ

ಭಾಲ್ಕಿಯ ಆಸ್ಪತ್ರೆಯೊಂದರಲ್ಲಿ ರೋಗಿಗಳು ಓದಲೆಂದು ಇಟ್ಟ ಸಣ್ಣ ಗ್ರಂಥಾಲಯವನ್ನು ನಾನು ನೋಡಿಕೊಳ್ಳುತ್ತೇನೆ. ನನ್ನ ಮನೆ ಮಾತ್ರ ಬೀದರಿನ ಚಿದ್ರಿಯಲ್ಲಿ. ನಮ್ಮ ಓಣಿಯಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳಿದಷ್ಟೇ ಸಲೀಸಾಗಿ ಗುಳಿಗೆ ಕೇಳುತ್ತಾರೆ. ಓಣಿಯವರೆಲ್ಲ ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯ ಹಿರಿಯರ ಬಳಿ ಬಿಸ್ಕೀಟಿನ ಡಬ್ಬಿಯ ತುಂಬ ಗುಳಿಗೆಗಳಿದ್ದವು. ಅವರು ಬಣ್ಣ ನೋಡಿ ಹಂಚುತ್ತಿದ್ದರು: "ಈ ಗುಲಾಬಿದರಿಂದ ನನ್ನ ಮೊಣಕಾಲ ಬ್ಯಾನಿ ಕಮ್ಮಿ ಆಗ್ಯದ. ನಿನ್ನ ಸೊಂಟಕ್ಕೂ ನಡೀತದ, ತಗೊ."

ಹಾಗೆ ಹಂಚಬೇಡಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಔಷಧಿ ಬಳಕೆಯ ಬಗ್ಗೆ ಚಿತ್ರಗಳಿದ್ದ ಪುಸ್ತಕವೊಂದನ್ನು ಗ್ರಂಥಾಲಯದಿಂದ ತಂದುಕೊಟ್ಟೆ. "ಓದಲಾಕ ಬ್ಯಾಸರಾದ್ರ ಬರೇ ಚಿತ್ರ ನೋಡ್ರಿ, ಸಾಕು" ಎಂದು ಕೆಣಕಿದೆ ಕೂಡ.

ಮೌಶಿ ಕಟ್ಟೆಯ ಮೇಲೆ ಕುಳಿತು, ಪುರಾಣ ಓದುವ ಧಾಟಿಯಲ್ಲಿ, ಓಣಿಗೆಲ್ಲ ಕೇಳುವಂತೆ ಇಡೀ ಪುಸ್ತಕ ಓದಿದರು. ಹೆಂಗಸರು ಕಾಲು ಚಾಚಿ ಕುಳಿತು ಕೇಳಿದರು. ಒಬ್ಬರ ಗುಳಿಗೆ ಇನ್ನೊಬ್ಬರು ನುಂಗಬಾರದೆಂಬ ಕೊನೆಯ ಅಧ್ಯಾಯ ಮುಗಿದದ್ದೇ ತಡ, ಮೌಶಿ ಎದ್ದು ಮನೆಮನೆಗೆ ಹೋಗಿ ತಾವು ಕೊಟ್ಟದ್ದನ್ನೆಲ್ಲ ವಾಪಸು ವಸೂಲಿ ಮಾಡಿದರು. ಗೆದ್ದವನು ನಾನೇ ಎಂದು ಬೀಗಿದೆ.

ಆ ಭಾನುವಾರ ನನಗೇ ತಲೆನೋವು ಬಂತು. ಔಷಧಿ ಅಂಗಡಿ ದೂರ, ಸುಡು ಬಿಸಿಲು ಬೇರೆ. ರೂಢಿ ಬಿಟ್ಟೀತೆ? ಪಕ್ಕದ ಮನೆಗೆ ಹೋಗಿ ಕೇಳಿಯೇಬಿಟ್ಟೆ: "ಮೌಶಿ, ತಲಿ ಸಿಡಿಲಾಕತ್ತದ. ಒಂದು ಗುಳಿಗಿ ಕೊಡ್ರಿ."

ಮೌಶಿ ಡಬ್ಬಿಯನ್ನು ಸೆರಗಿನಡಿ ಸರಿಸಿ, ಪುಸ್ತಕವನ್ನು ನನ್ನ ಕೈಗಿಟ್ಟರು.

"ಓದಲಾಕ ಬ್ಯಾಸರಾದ್ರ ಬರೇ ಚಿತ್ರ ನೋಡು ತಮ್ಮಾ, ಸಾಕು."